ಕೊಡೆಯ ಒಳಮೈ ಹಸಿರು

ಪ್ರೀತಿಯ ತಂಗಿ,

ನಿನ್ನ ಕತೆ ಎರಡು ಸಲ ಓದಿದೆ. ಅಮ್ಮ, ಮಗ, ಹೊಲದ ಬದು. ಆದರೆ ಮೊದಲ ಸಾಲಿಗೇ ಅಮ್ಮ 'ಕರುಣಾಮಯಿ', ಎರಡನೆಯದಕ್ಕೆ 'ತ್ಯಾಗಮೂರ್ತಿ'. ಅವಳು ಬದುವಿನ ಮೇಲೆ ಹೇಗೆ ನಿಂತಿದ್ದಳು ಅನ್ನೋದು ಮಾತ್ರ ನನಗೆ ಕಾಣಲೇ ಇಲ್ಲ.

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1875ರಲ್ಲಿ ಬರೆದ ಒಂದು ಚಿತ್ರವಿದೆ, 'ಕೊಡೆ ಹಿಡಿದ ಹೆಂಗಸು'. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಫೋನಿನಲ್ಲೇ ತೆಗೆದು, ದೊಡ್ಡದು ಮಾಡಿ ನೋಡು. ಕೊಡೆ ಹಿಡಿದವಳು ಅವನ ಹೆಂಡತಿ ಕಮೀಲ್. ಹಿಂದೆ ಇರುವವನು ಮಗ ಝಾನ್, ಏಳೆಂಟು ವರ್ಷದ ಹುಡುಗ. ಆಗ ಅವರ ಮನೆ ಪ್ಯಾರಿಸ್ ಹತ್ತಿರದ ಅರ್ಜಾಂತೇಯ್‌ನಲ್ಲಿತ್ತು.

ಹುಡುಗ ಸೊಂಟದಿಂದ ಮೇಲಷ್ಟೇ ಕಾಣುತ್ತಾನೆ. ಉಳಿದದ್ದು ದಿಬ್ಬದ ಆಚೆ. ಅಷ್ಟಕ್ಕೇ ನಾವು ಇಳಿಜಾರಿನ ಕೆಳಗೆ ನಿಂತು, ಕತ್ತೆತ್ತಿ ಅವರನ್ನು ನೋಡ್ತಿದ್ದೀವಿ ಅಂತ ಗೊತ್ತಾಗುತ್ತದೆ. ಕಮೀಲ್ ನಡೆಯುತ್ತಿದ್ದವಳು ಈಗಷ್ಟೇ ಹಿಂತಿರುಗಿದ ಹಾಗಿದೆ. ಲಂಗ ಗಾಳಿಗೆ ಸುತ್ತಿಕೊಂಡಿದೆ. ಟೋಪಿಯ ತೆಳು ಪರದೆ ಹಾರಿ ಮುಖಕ್ಕೆ ಅಡ್ಡ ಬಂದಿದೆ. ಗಾಳಿಯನ್ನು ಬರೆಯೋಕಾಗಲ್ಲ ಅಲ್ವಾ? ಅದು ಮಾಡಿದ್ದನ್ನು ಬರೆದಿದ್ದಾನೆ. ಕೊಡೆಯ ಒಳಮೈ ಹಸಿರು. ಅವಳ ತೋಳಿಗೆ ಹುಲ್ಲಿನ ನಡುವಿನ ಹಳದಿ ಹೂವಿನ ಬಣ್ಣ ಹತ್ತಿದೆ. ಬಿಳಿ ಬಟ್ಟೆಯಲ್ಲಿ ಬಿಳಿ ಕಮ್ಮಿ, ನೀಲಿಯೇ ಜಾಸ್ತಿ. ನನಗೆ ಆ ತೋಳನ್ನು ಎಷ್ಟು ನೋಡಿದರೂ ಸಾಕಾಗಲ್ಲ. ಪ್ರೀತಿ ಇಲ್ಲದವನು ಹೆಂಡತಿಯ ತೋಳನ್ನು ಹಾಗೆ ನೋಡುತ್ತಾನಾ?

ಇನ್ನೊಂದು ಮಾತು. ಕಮೀಲ್ 1879ರಲ್ಲಿ ತೀರಿಕೊಂಡಳು, ಬರೀ 32 ವರ್ಷಕ್ಕೆ. ಸಾವಿನ ಹಾಸಿಗೆಯಲ್ಲಿದ್ದ ಅವಳ ಚಿತ್ರವನ್ನೂ ಮೊನೆ ಬರೆದ. ಆದರೆ ಈ ದಿಬ್ಬದ ಮೇಲೆ ಆ ಸಾವಿನ ನೆರಳೇ ಇಲ್ಲ. ಇರುವುದು ಹುಲ್ಲಿನ ಮೇಲೆ ಬಿದ್ದ ಅವಳ ನೆರಳು. ನಿನ್ನ ಕತೆಯ ಅಮ್ಮ ಕೊನೆಯ ಪುಟದಲ್ಲಿ ಸಾಯುತ್ತಾಳೆ. ನೀನು ಮೊದಲ ಪುಟದಿಂದಲೇ ಅಳುತ್ತಿದ್ದೀಯ. ಬದುವಿನ ಮೇಲೆ ನಿಂತ ದಿನ ಅವಳಿಗೆ ಏನೂ ಆಗಿರಲಿಲ್ಲ ಕಣೇ. ನನ್ನ ಅಮ್ಮ ಹೋದ ಮೇಲೆ ನಾನೂ ಹೀಗೇ ಬರೆದೆ. ಪುಟಗಟ್ಟಲೆ. ಒಂದರಲ್ಲೂ ಅವಳು ಸಿಗಲಿಲ್ಲ.

ಮೂರನೇ ಪುಟದಲ್ಲಿ ಒಂದು ಸಾಲು ಬರೆದಿದ್ದೀಯ. ಅಮ್ಮ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ, ಸೆರಗು ಸರಿ ಮಾಡ್ತಾ, ಮಗನನ್ನು ಕೂಗುತ್ತಾಳೆ. ಅವನಿಗೆ ಒಂದಕ್ಷರ ಅರ್ಥವಾಗಲ್ಲ. ಆದರೂ ಓಡಿ ಬರುತ್ತಾನೆ. ಅಲ್ಲಿಂದ ಶುರು ಮಾಡು. ಮೊದಲ ಎರಡು ಪುಟ ತೆಗೆದುಬಿಡು. ಬರೆದಾದ ಮೇಲೆ ಮತ್ತೆ ಕಳಿಸು, ನಾನು ಕಾಯ್ತಿರ್ತೀನಿ.

ನಿನ್ನ,
ಅಕ್ಕ