ಹೆಸರಿನ ಮುಂದಿನ ಒಂದಕ್ಷರ

ಗೆಳೆಯಾ,

'ಪಿಎಚ್.ಡಿ. ಮಾಡಿದವರನ್ನೆಲ್ಲ ಡಾಕ್ಟರ್ ಅಂತ ಯಾಕಯ್ಯಾ ಕರೀಬೇಕು?' ಅಂತ ಮೊನ್ನೆ ಎಲ್ಲರೆದುರೇ ಕೇಳಿದೆಯಲ್ಲ, ಉತ್ತರವೂ ಎಲ್ಲರೆದುರೇ ಇರಲಿ.

ನನ್ನ ಭಾಷಣ ನಿನಗೆ ಬಾಯಿಪಾಠ. ಲ್ಯಾಟಿನ್ನಿನ 'ಡೊಸೇರೆ' ಅಂದರೆ ಕಲಿಸುವುದು, ಹಾಗಾಗಿ ಡಾಕ್ಟರ್ ಅಂದರೆ ಮೂಲದಲ್ಲಿ ಮೇಷ್ಟ್ರು. ಎಂಬಿಬಿಎಸ್‌ನ ಒಳಗೇ 'ಬ್ಯಾಚುಲರ್' ಕೂತಿದೆ. ಬ್ರಿಟನ್ನಿನ ಸರ್ಜನ್ನರು ಇವತ್ತಿಗೂ 'ಮಿಸ್ಟರ್'. 1745ರವರೆಗೆ ಲಂಡನ್ನಿನಲ್ಲಿ ಅವರಿಗೂ ಕ್ಷೌರಿಕರಿಗೂ ಒಂದೇ ಸಂಘ. ವಾದದಲ್ಲಿ ನಾನು ಸೋತದ್ದಿಲ್ಲ.

ಕಳೆದ ತಿಂಗಳು ಅಪ್ಪನನ್ನು ಆಸ್ಪತ್ರೆಗೆ ಸೇರಿಸುವಾಗ ಫಾರ್ಮಿನಲ್ಲಿ ಅಭ್ಯಾಸಬಲದಿಂದ 'ಡಾ.' ಹಾಕಿಯೇ ಹೆಸರು ಬರೆದೆ. ಅಭ್ಯಾಸಬಲ ಅಂತ ಇಟ್ಟುಕೋ. ರಾತ್ರಿ ಪಾಳಿಯ ವೈದ್ಯೆ ಫೈಲನ್ನು ನನ್ನ ಕಡೆ ತಿರುಗಿಸಿ, ಒಂದು ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು, 'ಕ್ರಿಯಾಟಿನಿನ್ 3.8 ಇದೆ ಸರ್, ನಿಮಗೆ ಗೊತ್ತೇ ಇರುತ್ತಲ್ಲ' ಅಂದರು. ಪಿಎಚ್.ಡಿ.ಗಾಗಿ ಹಳಗನ್ನಡದ 'ಒಳ್' ಪ್ರತ್ಯಯದ (ಇವತ್ತಿನ 'ಅಲ್ಲಿ', 'ಒಳಗೆ') ಮೇಲೆ ಆರು ವರ್ಷ ಕೂತವನು ಗಂಭೀರವಾಗಿ ಹೂಂ ಅಂದೆ. ಪಕ್ಕದ ಮಂಚದವರ ಮಗಳು 'ಹಾಗಂದ್ರೇನು ಮೇಡಂ?' ಅಂತ ಕೇಳಿದಳು. ಕಿಡ್ನಿ ಸರಿಯಾಗಿ ಸೋಸದಿದ್ದರೆ ಅದು ರಕ್ತದಲ್ಲಿ ಏರುತ್ತೆ ಅಂತ ಅವಳಿಗೆ ಬಿಡಿಸಿ ಹೇಳಿದರು. ನಾನು ಗ್ಲೂಕೋಸ್ ಬಾಟಲಿ ನೋಡುವವನ ಹಾಗೆ ನಿಂತು ಕದ್ದು ಕೇಳಿಸಿಕೊಂಡೆ.

ಬೆಳಿಗ್ಗೆ ಅಪ್ಪ ಅದೇ ಮಂಚದವರಿಗೆ, 'ನಮ್ಮ ಹುಡುಗನೂ ಡಾಕ್ಟ್ರೇ' ಅಂದರು. ನಾನು ಯಾವ ಡಾಕ್ಟರ್ ಅಂತ ಅಪ್ಪನಿಗೆ ಗೊತ್ತಿಲ್ಲ ಅಂತಲ್ಲ. ನಾನೂ ತಿದ್ದಲಿಲ್ಲ. ಮೂವತ್ತಮೂರು ವಯಸ್ಸಿನವರೆಗೆ ಅವರ ಪೆನ್ಷನ್ನಿನಲ್ಲಿ ಓದಿದವನು ನಾನು. ಆ ಒಂದಕ್ಷರ ಬಿಟ್ಟರೆ ಅವರಿಗೆ ತೋರಿಸಲು ನನ್ನ ಹತ್ತಿರ ಇನ್ನೇನೂ ಇಲ್ಲ ಮಾರಾಯ. ನಿನ್ನ ಪ್ರಶ್ನೆಗೆ ಅಷ್ಟು ಜೋರಾಗಿ ಕೂಗಾಡಿದ್ದು ಲ್ಯಾಟಿನ್ನಿನ ಪರವಾಗಿ ಅಲ್ಲ.

ಇರಲಿ ಬಿಡು, ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಅಪ್ಪ ಮನೆಗೆ ಬಂದಿದ್ದಾರೆ, ಆರಾಮಿದ್ದಾರೆ. ಅವರ ಕಣ್ಣಿಗೆ ಬೀಳದ ಹಾಗೆ ಪೋಸ್ಟಿನ ಸೆಟ್ಟಿಂಗ್ ಬದಲಿಸಿಯೇ ಇದನ್ನು ಹಾಕುತ್ತಿದ್ದೇನೆ, ನೀನು ಫಾರ್ವರ್ಡ್ ಮಾಡಬೇಡ. ತೀರ್ಪು ಬೇಕಿದ್ದರೆ ತಗೋ: ಪಾಠದ ಕೋಣೆಯಲ್ಲಿ, ಪುಸ್ತಕದ ರಕ್ಷಾಪುಟದ ಮೇಲೆ ಡಾ. ಇರಲಿ, ಬಿಟ್ಟುಕೊಡಲಾರೆ. ಆಸ್ಪತ್ರೆಯ ಫಾರ್ಮಿನಲ್ಲಿ ಮಾತ್ರ ಇನ್ನು ನಾನು ಮಿಸ್ಟರ್, ಲಂಡನ್ನಿನ ಸರ್ಜನ್ನರ ಹಾಗೆ.

ನಿನ್ನ ಮಂಡಿನೋವು ಹೇಗಿದೆ? ದಿನಕ್ಕೆ ಎರಡು 'ಒಳ್', ಊಟದ ನಂತರ. ಕಡಿಮೆಯಾಗದಿದ್ದರೆ 'ಒಳಗೆ'.

ನಿನ್ನ,
ಡಾ. (ಆ ಡಾಕ್ಟರ್ ಅಲ್ಲ)