ತರಗಿಗೆ ಬೆಂಕಿ ಇಡಬೇಡ, ಮಗಳೇ

ಮಂಡ್ಯ

ಮಗಳೇ,

ನಿನ್ನೆ ಫೋನಿನಲ್ಲಿ ಕೂಗಾಡಿದ್ದು ತಪ್ಪಾಯಿತು. ಹೊಂಗೆ ಎಲೆ ಗುಡಿಸಿ ಬೆಂಕಿ ಹಾಕಿದೆ ಅಂದೆಯಲ್ಲ, ಅಲ್ಲಿಂದಾಚೆಗೆ ನೀನು ಹೇಳಿದ್ದು ಯಾವುದೂ ಕಿವಿಗೆ ಬೀಳಲಿಲ್ಲ. ಮೈಸೂರಿನ ಬಾಡಿಗೆ ಮನೆ ಹಿತ್ತಿಲಿಗೂ ಗುದ್ದಲಿ ಹಾಕಿದ್ದೀಯ, ಹೆಮ್ಮೆಯಾಗುತ್ತದೆ. ಮೊದಲು ಅದನ್ನೇ ಹೇಳಬೇಕಿತ್ತು.

ಆದರೆ ಬೆಂಕಿಯ ಮಾತು ಬಿಡಲಾರೆ. ತರಗು ಸುಟ್ಟರೆ ಅದರ ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್, ಸುಣ್ಣದ ಅಂಶ ಉಳಿಯುವುದು ನಿಜ, ಆದರೆ ಅದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದರೆ ಮಣ್ಣು ಕ್ಷಾರವಾಗುತ್ತದೆ. ನಾಲೆ ಬಯಲಿನ ಚೌಳು ಗದ್ದೆಗಳನ್ನು ನಿನಗೆ ನೆನಪಿಸಬೇಕಿಲ್ಲ. ಬರಿಮೈ ನೆಲಕ್ಕೆ ಏಪ್ರಿಲ್ ಬಿಸಿಲು ಹೊಡೆದು, ಮೇಲೆ ಭರಣಿ ಮಳೆಯ ದಪ್ಪ ಹನಿ ಬಿದ್ದರೆ ಹೆಂಟೆ ಒಡೆದು ಪುಡಿಯಾಗಿ, ಆ ಪುಡಿ ಸಂದುಗಳಲ್ಲಿ ಕೂತು ಹಪ್ಪಳದಂತೆ ಹೆಕ್ಕಳೆ ಕಟ್ಟುತ್ತದೆ. ಮುಂದಿನ ಮಳೆ ಇಂಗದೆ ಚರಂಡಿ ಪಾಲು. ಇಷ್ಟಕ್ಕೆ ಒಂದು ಕಡ್ಡಿ ಗೀರಿದರೆ ಸಾಕು, ಅದೇ ನನ್ನ ಭಯ.

ಈಗ ಮಾಡಬೇಕಾದ್ದು ಕೇಳು. ಮೊದಲು ಗಿಡದ ಬುಡ ಚೆನ್ನಾಗಿ ನೆನೆಸು, ಆಮೇಲೆ ತರಗನ್ನು ನಾಲ್ಕು ಬೆರಳು ದಪ್ಪ ಹರಡು. ಒಣ ನೆಲದ ಮೇಲೆ ಹರಡಿದರೆ ಚಿಮುಕಿಸಿದ ನೀರನ್ನು ಎಲೆಯೇ ಕುಡಿದುಬಿಡುತ್ತದೆ. ಕಾಂಡಕ್ಕೆ ತಾಗಿಸಬೇಡ, ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ.

ಮಿಕ್ಕಿದ್ದನ್ನು ಮೂಲೆಯಲ್ಲಿ 3 ಅಡಿ ಅಗಲ, 3 ಅಡಿ ಎತ್ತರ ಒಟ್ಟು. ಮೂರು ಮಂಕರಿ ತರಗಿಗೆ ಒಂದು ಮಂಕರಿ ತರಕಾರಿ ಸಿಪ್ಪೆ, ಮೇಲೆ ಸಗಣಿ ಬಗ್ಗಡ. ಹಿಡಿ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಸುರಿಯಬಾರದು. ನಾತ ಬಂದರೆ ನೀರು ಜಾಸ್ತಿಯಾಗಿ ಗಾಳಿ ಸಾಲದು ಎಂದರ್ಥ, ತರಗು ಸೇರಿಸಿ ಮಗುಚು. ರಾಶಿಗೆ ಬಿಸಿಯೇ ಏರದಿದ್ದರೆ ಒಣಗಿದೆ, ಇಲ್ಲವೇ ಸಿಪ್ಪೆ, ಸಗಣಿ ಸಾಲದು ಎಂದರ್ಥ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ನಾಲ್ಕು ತಿಂಗಳ ಹೊತ್ತಿಗೆ ಗೊಬ್ಬರ.

ಭರಣಿ ಮಳೆಗೆ ಖಾಲಿ ಇರುವ 10 ಅಡಿಗೆ 20 ಅಡಿ ಜಾಗದಲ್ಲಿ ಹಸಿರು ಗೊಬ್ಬರಕ್ಕೆ ಸೆಣಬಿನ ಬೀಜ ಚೆಲ್ಲು, 60 ಗ್ರಾಂ ಸಾಕು. 45 ದಿನಕ್ಕೆ, ಮೊಗ್ಗು ಕಾಣುವಾಗಲೇ, ಕೊಚ್ಚಿ ಮಣ್ಣಿಗೆ ಸೇರಿಸು. ಹೂವು ಚೆನ್ನಾಗಿದೆ ಅಂತ ಬಿಟ್ಟರೆ ಕಡ್ಡಿ ನಾರಾಗುತ್ತದೆ, ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಹದಿನೈದು ದಿನ ಬಿಟ್ಟು ಸೊಗಡವರೆ ಹಾಕು. ಕಾಯಿ ಮುಗಿದ ಮೇಲೆ ಬುಡಕ್ಕೆ ಕೊಯ್ಯಿ, ಬೇರು ಕೀಳಬೇಡ. ಮಳೆ ಹಿಡಿದಾಗ ಮಣ್ಣು ಉಂಡೆಯಾಗಿ ಅಂಟುತ್ತಿದ್ದರೆ ಗುದ್ದಲಿ ಮುಟ್ಟಬೇಡ, ಒಣಗಿದ ಮೇಲೆ ಇಟ್ಟಿಗೆಯಂತಾಗುತ್ತದೆ.

ಮತ್ತೆ ಪಾಠ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡ. ಹಿತ್ತಿಲು ನಿನ್ನದು. ಭಾನುವಾರ ಮತ್ತೆ ಗುಡಿಸುತ್ತೀಯಲ್ಲ, ಎಲೆಯನ್ನು ಗೋಣಿಚೀಲಕ್ಕೆ ತುಂಬಿಡು. ಸುಟ್ಟ ಜಾಗದ ಬೂದಿಯನ್ನು ಒಂದೇ ಕಡೆ ಬಿಡದೆ ತೆಳುವಾಗಿ ಎಲ್ಲ ಕಡೆ ಎರಚು. ಬೆಂಕಿ ಮಾತ್ರ ಬೇಡ ಕಂದಾ. ಸೆಣಬಿನ ಬೀಜ ನಾನೇ ತರುತ್ತೇನೆ.

ನಿನ್ನ ಅಪ್ಪ