‘5.10 ಅಡಿ’ ಎಂದರೆ ಎಷ್ಟು ಎತ್ತರ?

ಮಾನ್ಯ ಸಂಪಾದಕರೆ,

ಪತ್ರಿಕೆಯಲ್ಲಿ ಬರುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳನ್ನು ನಾನು ತಪ್ಪದೆ ಓದುತ್ತೇನೆ. ಚಹರೆ ಹೀಗಿರುತ್ತದೆ: ‘5.6 ಅಡಿ ಎತ್ತರ, ಕೋಲು ಮುಖ, ಗೋಧಿ ಮೈಬಣ್ಣ’. ಬರೆಸಿದವರ ಮನಸ್ಸಿನಲ್ಲಿರುವುದು ಐದು ಅಡಿ ಆರು ಇಂಚು. ಆದರೆ ಅಡಿಗೆ ಇಂಚು ಹನ್ನೆರಡು, ಹತ್ತಲ್ಲ. ಬಿಂದು ಇಟ್ಟು ಬರೆದ 5.6 ಅಡಿ ಲೆಕ್ಕದ ಪ್ರಕಾರ ಐದು ಅಡಿ ಏಳು ಇಂಚನ್ನೂ ದಾಟುತ್ತದೆ. ಇಲ್ಲಿ ತಪ್ಪುವುದು 3 ಸೆಂ.ಮೀ. ಅಷ್ಟೆ, ಇರಲಿ ಎನ್ನಬಹುದು. ‘5.10 ಅಡಿ’ಯನ್ನು ನೋಡಿ. ಐದು ಅಡಿ ಹತ್ತು ಇಂಚಿನ ಆಳು ಸುಮಾರು 178 ಸೆಂ.ಮೀ. ಇರುತ್ತಾನೆ. ಶಾಲೆಯಲ್ಲಿ ಕಲಿತಂತೆ 5.10 ಮತ್ತು 5.1 ಒಂದೇ ಎಂದು ಓದಿದರೆ 155 ಸೆಂ.ಮೀ. ಆಗುತ್ತದೆ. ಹೆಚ್ಚುಕಡಿಮೆ ಒಂದು ಗೇಣಿನ ವ್ಯತ್ಯಾಸ! ತಂದೆಯನ್ನೋ ಮಗಳನ್ನೋ ಹುಡುಕುತ್ತಿರುವ ಮನೆಯವರು ಕೊಡುವ ಗುರುತು ಇದು. ಬಸ್ ನಿಲ್ದಾಣದಲ್ಲಿ ಅದನ್ನು ಓದಿದವರ ಕಣ್ಣು ಬೇರೆ ಯಾರನ್ನೋ ಹುಡುಕುವಂತಾಗಬಾರದು.

ಅದೇ ಪತ್ರಿಕೆಯ ಜಲಾಶಯ ಪಟ್ಟಿಯಲ್ಲಿ ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂದಿರುತ್ತದೆ. ಅಲ್ಲಿನ ಬಿಂದು ನಿಜವಾದ ದಶಮಾಂಶ, ಇಂಚಲ್ಲ. ಪಕ್ಕದಲ್ಲೇ ಆಲಮಟ್ಟಿ 519.60 ಮೀಟರ್. ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸುವ ಸುದ್ದಿ ಬಂದಾಗಲೆಲ್ಲ ಈ ಸಂಖ್ಯೆ ಎಲ್ಲಿಂದ ಬಂತೆಂದು ನನ್ನ ತರಗತಿಯ ಮಕ್ಕಳು ಕೇಳುತ್ತಿದ್ದರು. ಒಂದು ಅಡಿ ಎಂದರೆ 0.3048 ಮೀಟರ್, 1,720 ಅಡಿಯನ್ನು ಅದರಿಂದ ಗುಣಿಸಿ ನೋಡಿ ಎನ್ನುತ್ತಿದ್ದೆ. ಉತ್ತರ ಸರಿಯಾಗಿ ಬಂದಾಗ ಅವರ ಮುಖ ಅರಳುತ್ತಿತ್ತು.

ನನ್ನ ಬಳಿ ಓದಿದ ಹುಡುಗನೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ಎರಡು ವರ್ಷ ಬೆಳಗಿನ ಜಾವ ಎದ್ದು ಓಡಿದ. ಬೇಕಾಗಿದ್ದ ಎತ್ತರ 168 ಸೆಂ.ಮೀ. ‘ಐದೂವರೆ ಅಡಿ ಇದೀನಲ್ಲ ಸರ್, ಸಾಕು’ ಎನ್ನುತ್ತಿದ್ದ. ಐದೂವರೆ ಅಡಿ ಎಂದರೆ 66 ಇಂಚು. ಇಂಚಿಗೆ 2.54 ಸೆಂ.ಮೀ.ನಂತೆ 167.64. ಅವನಿಗೆ ಅದು ಗೊತ್ತಾಗಿದ್ದು ಮೈದಾನದಲ್ಲಿ, ಅಳತೆಗೋಲಿನ ಕೆಳಗೆ ನಿಂತಾಗ. ಅಳತೆ ಮಾಡಿದವರದ್ದೇನೂ ತಪ್ಪಿಲ್ಲ. ಮೀಟರು, ಸೆಂಟಿಮೀಟರು ಪಾಠವನ್ನು ಬೋರ್ಡಿನ ಮೇಲೆ ಮುಗಿಸಿ, ಒಬ್ಬ ಹುಡುಗನನ್ನೂ ಗೋಡೆಗೆ ನಿಲ್ಲಿಸಿ ಅಳೆಯದೆ ಹೋದವನು ನಾನು. ಆ ಸಂಕಟ ಇನ್ನೂ ಹೋಗಿಲ್ಲ.

ಮೆಟ್ರಿಕ್ ಅಳತೆಗೆ ಸಂಸತ್ತು ಕಾಯ್ದೆ ಮಾಡಿದ್ದು 1956ರಲ್ಲಿ. ಬಟ್ಟೆಯನ್ನು ಮೀಟರಿನಲ್ಲಿ ಕೊಳ್ಳುವುದು, ದಾರಿಯನ್ನು ಕಿಲೋಮೀಟರಿನಲ್ಲಿ ಹೇಳುವುದು ನಮಗೆಲ್ಲ ರೂಢಿಯಾಗಿದೆ. ಮೈ ಎತ್ತರ ಇನ್ನೂ ಅಡಿ–ಇಂಚಿನಲ್ಲೇ ಉಳಿದಿದೆ. ಹೂವನ್ನು ಮೊಳದಲ್ಲಿ ಕೊಂಡಂತೆ ಮನೆಮಾತಿನಲ್ಲಿ ಅದೂ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅಚ್ಚಾಗುವಾಗ ಮೊದಲು ಸೆಂಟಿಮೀಟರ್ ಬರಲಿ, ಅಡಿ–ಇಂಚು ಪಕ್ಕದಲ್ಲಿರಲಿ: ‘178 ಸೆಂ.ಮೀ. (5 ಅಡಿ 10 ಇಂಚು)’. ಪ್ರಕಟಣೆ ‘5.10 ಅಡಿ’ ಎಂದೇ ಬಂದರೆ ಕಳಿಸಿದವರನ್ನು ಒಂದು ಮಾತು ಕೇಳಿ ತಿದ್ದಿಕೊಳ್ಳಬಹುದು. ಅಂದಾಜು ಬೇಕಾದವರಿಗೆ ಸುಲಭದ ದಾರಿ: ಐದು ಅಡಿಗೆ 152 ಸೆಂ.ಮೀ., ಮೇಲಿನ ಪ್ರತಿ ಇಂಚಿಗೆ ಎರಡೂವರೆ ಕೂಡಿಸಿ. ನೇಮಕಾತಿಗೆ ಹೋಗುವ ಮಕ್ಕಳು ಮಾತ್ರ ಅಂದಾಜನ್ನು ನಂಬದೆ, ಓಟದ ಅಭ್ಯಾಸ ಶುರುಮಾಡುವ ಮೊದಲ ದಿನವೇ ಚಪ್ಪಲಿ ಬಿಟ್ಟು, ಗೋಡೆಗೆ ಹಿಮ್ಮಡಿ ಒತ್ತಿ ನಿಂತು, ಟೇಪು ಹಿಡಿಸಿಕೊಳ್ಳಲಿ.

– ನಿವೃತ್ತ ಗಣಿತ ಶಿಕ್ಷಕ, ಶಿವಮೊಗ್ಗ ಜಿಲ್ಲೆ